ಪೆಲೆಟ್ ಏಳು ಗ್ರೇನಿನದೋ, ಎಂಟರದೋ?

ಪಿಸ್ತೂಲ್ ಗುರಿ ಅಭ್ಯಾಸದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಗುಂಡಿನ ತೂಕದ ಬಗ್ಗೆಯೇ ಇವೆ. ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಪುಟ್ಟ ಸೀಸದ ಗುಂಡು ಹಾರಿಸುವ ಬೆಂಗಳೂರಿನ ಮಕ್ಕಳ ಏರ್ ಪಿಸ್ತೂಲಿನಿಂದ ಹಿಡಿದು ಅಮೆರಿಕದಲ್ಲಿ ಮನೆಯಲ್ಲೇ ತೋಟಾ ಕಟ್ಟಲು ಹೊರಟವರವರೆಗೆ ಕೆಲವನ್ನು ಆರಿಸಿಕೊಂಡಿದ್ದೇವೆ. ಓದುವ ಮೊದಲು ಒಂದು ಅಳತೆ ನೆನಪಿರಲಿ. ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಗ್ರಾಮಿಗೆ 15.43 ಗ್ರೇನ್. ಚಿನಿವಾರರ ಗುಲಗಂಜಿ ತೂಕ ಗೊತ್ತಿದ್ದವರಿಗೆ ಇನ್ನೂ ಸುಲಭ: ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಹತ್ತು ಮೀಟರ್ ಏರ್ ಪಿಸ್ತೂಲ್ ಕಲಿಯಲು ಸೇರಿ ಎಂಟು ತಿಂಗಳಾಯಿತು. ಕೋಚ್ 7 ಗ್ರೇನಿನ ಪೆಲೆಟ್ ತನ್ನಿ ಅಂದಿದ್ದರು. ಅಂಗಡಿಯಲ್ಲಿ ಅದು ಮುಗಿದಿತ್ತು. ‘ಇದು ಇನ್ನೂ ಭಾರ, ಇನ್ನೂ ಚೆನ್ನಾಗಿ ಹೋಗುತ್ತೆ’ ಎಂದು 8.2 ಗ್ರೇನಿನ ಡಬ್ಬ ಕೊಟ್ಟರು. ಈಗ ಹೊಡೆದದ್ದೆಲ್ಲ ಕೆಳಗೆ ಬೀಳುತ್ತಿದೆ. ಐನೂರು ಪೆಲೆಟ್ಟಿನ ಡಬ್ಬ ದಂಡವಾಯಿತೇ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ದಂಡವಾಗಿಲ್ಲ, ಆದರೆ ಅಂಗಡಿಯವರ ಮಾತು ತಪ್ಪು. 8.2 ಗ್ರೇನ್ ಅಂದರೆ 0.53 ಗ್ರಾಂ. ಅದನ್ನು ಮುಖ್ಯವಾಗಿ ಏರ್ ರೈಫಲ್‌ಗೆಂದು ಮಾಡುತ್ತಾರೆ. 7 ಗ್ರೇನಿನದು 0.45 ಗ್ರಾಂ, ಪಿಸ್ತೂಲಿನದು. ಒಂದೇ ತಯಾರಕರ ಒಂದೇ ಹೆಸರಿನ ಪೆಲೆಟ್ ಕೂಡ ಈ ಎರಡು ತೂಕದಲ್ಲಿ ಬರುತ್ತದೆ. ಆದ್ದರಿಂದ ಮುಚ್ಚಳದ ಮೇಲಿನ ಹೆಸರು ನೋಡಿ ಸುಮ್ಮನಾಗದೆ ಗ್ರಾಂ ಅಂಕಿ ಓದಿ ಕೊಳ್ಳಿ.

ಭಾರದ ಪೆಲೆಟ್ ಎಷ್ಟು ಕೆಳಗೆ ಬೀಳಬೇಕು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸ್ಪರ್ಧೆಯ ಏರ್ ಪಿಸ್ತೂಲ್ ಹಗುರ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ದೂಡುತ್ತದೆ, ಅಂದರೆ ಸುಮಾರು 5 ಜೌಲ್ ಶಕ್ತಿ. ಅದೇ ಶಕ್ತಿಯಲ್ಲಿ 0.53 ಗ್ರಾಮಿನದು ಹೋಗುವುದು 138 ಮೀಟರಿನ ಆಸುಪಾಸಿನಲ್ಲಿ. ಹತ್ತು ಮೀಟರ್ ದಾಟುವಷ್ಟರಲ್ಲಿ ಹಗುರದ್ದು 22 ಮಿ.ಮೀ. ಇಳಿದರೆ ಭಾರದ್ದು 26 ಮಿ.ಮೀ. ಇಳಿಯುತ್ತದೆ. ವ್ಯತ್ಯಾಸ ನಾಲ್ಕೇ ಮಿಲಿಮೀಟರ್. ಗುರಿ ಕಾಗದದಲ್ಲಿ ಒಂದು ಉಂಗುರದಿಂದ ಮುಂದಿನದಕ್ಕೆ 8 ಮಿ.ಮೀ. ಅಂತರ ಇರುವುದರಿಂದ ಇದು ಅರ್ಧ ಉಂಗುರ ಆಯಿತು. ನಟ್ಟನಡುವಿನ ಹತ್ತು ಅಂಕದ ಹೊಡೆತ ಒಂಬತ್ತೂವರೆಯ ಕಡೆ ಜಾರಬಹುದು, ಅಷ್ಟೇ.

ಮಗಳ ಹೊಡೆತಗಳು ಆರು, ಏಳರ ಕಡೆಗೆ ಇಳಿಯುತ್ತಿದ್ದರೆ ತಪ್ಪನ್ನು ಪೆಲೆಟ್ಟಿನ ತಲೆಗೆ ಕಟ್ಟಬೇಡಿ. ಮೊದಲು ಪಿಸ್ತೂಲಿನ ಗಾಳಿ ತುಂಬಿದ ಸಿಲಿಂಡರಿನ ಒತ್ತಡ ನೋಡಿ. ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗಿದ್ದರೆ ವೇಗ ಕುಸಿಯುತ್ತದೆ, ಹೊಡೆತ ಒಂದರ ಹಿಂದೊಂದು ಇಳಿಯುತ್ತಾ ಹೋಗುತ್ತದೆ. ಒತ್ತಡ ಸರಿಯಿದ್ದರೆ ಬೆರಳು ನೋಡಿ. ಟ್ರಿಗರ್ ಒತ್ತುವ ಕ್ಷಣದಲ್ಲಿ ಮಣಿಕಟ್ಟು ಕುಸಿಯುವುದು, ಹೊಡೆತ ಹೋದ ಕೂಡಲೇ ತೋಳು ಇಳಿಸುವುದು, ಇವೆರಡೂ ಕಲಿಯುವ ಮಕ್ಕಳಲ್ಲಿ ಸಾಮಾನ್ಯ. ಖಾತರಿ ಮಾಡಿಕೊಳ್ಳಲು ಕೋಚ್ ಕೈಯಿಂದ ಮೇಜಿನ ಮೇಲೆ ಮರಳಿನ ಚೀಲಕ್ಕೆ ಮಣಿಕಟ್ಟು ಆನಿಸಿ ಎರಡೂ ಪೆಲೆಟ್ಟಿನಲ್ಲಿ ಹತ್ತತ್ತು ಹೊಡೆಸಿ. ಎರಡು ಗುಂಪುಗಳ ನಡುಬಿಂದು ನಾಲ್ಕೈದು ಮಿ.ಮೀ. ಅಂತರದಲ್ಲಿದ್ದರೆ ಸರಿ.

ಡಬ್ಬವನ್ನು ಮುಗಿಸಬಹುದು. ಹಿಂದಿನ ಸೈಟನ್ನು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತನ್ನು) ಕೆಲವು ಕ್ಲಿಕ್ ಮೇಲೆತ್ತಿ, ಒಂದೇ ಪೆಲೆಟ್ಟಿನಲ್ಲಿ ಸತತವಾಗಿ ಹೊಡೆಯಲಿ. ಹಿಂದಿನ ಸೈಟ್ ಯಾವ ಕಡೆ ಸರಿದರೆ ಹೊಡೆತವೂ ಆ ಕಡೆಗೇ ಸರಿಯುತ್ತದೆ. ಸೋಮವಾರ ಒಂದು ತೂಕ, ಬುಧವಾರ ಇನ್ನೊಂದು ಮಾಡಬೇಡಿ. ‘ಸ್ವಲ್ಪ ಮೇಲೆ ಹಿಡಿ ಮಗಳೇ’ ಎಂದಂತೂ ಹೇಳಲೇಬೇಡಿ. ಸೈಟಿನ ಕೆಲಸವನ್ನು ಕಣ್ಣಿಗೆ ಹೊರಿಸಿದರೆ ಆ ರೂಢಿ ಬಿಡಿಸಲು ವರ್ಷ ಬೇಕು.

ಪಿಸ್ತೂಲಿಗೆ ಹಗುರವೇ ಯಾಕೆ ಎಂದರೆ, ಪೆಲೆಟ್ ನಳಿಗೆಯಿಂದ ಬೇಗ ಹೊರಬಿದ್ದಷ್ಟೂ ಅಷ್ಟರೊಳಗೆ ಕೈ ಅಲುಗುವುದು ಕಡಿಮೆ. ಆಸರೆಯಿಲ್ಲದೆ ಒಂದೇ ಕೈ ಚಾಚಿ ಹಿಡಿಯುವ ಆಯುಧದಲ್ಲಿ ಈ ಅನುಕೂಲ ಚಿಕ್ಕದಾದರೂ ಬಿಡುವಂಥದ್ದಲ್ಲ.

ಪ್ರಶ್ನೆ: ಡಬ್ಬದ ಮೇಲೆ 4.49, 4.50 ಎಂದು ಚೀಟಿ ಅಂಟಿಸಿರುತ್ತಾರೆ. ನಳಿಗೆ 4.5 ಮಿ.ಮೀ. ಎಂದ ಮೇಲೆ 4.50 ತೆಗೆದುಕೊಂಡರೆ ಮುಗಿಯಿತಲ್ಲ?
– ಕಾಲೇಜು ವಿದ್ಯಾರ್ಥಿ, ರಾಜಾಜಿನಗರ

ಉತ್ತರ: ಮುಗಿಯುವುದಿಲ್ಲ, ಅಲ್ಲಿಂದಲೇ ಶುರು. ತೂಕಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಈ ಅಂಕಿಗೇ ಎಂಬುದು ನಮ್ಮ ಅಭಿಪ್ರಾಯ.

ಒಂದು ಪೆಲೆಟ್ ಅಂಗೈಯಲ್ಲಿಟ್ಟು ನೋಡಿ. ಮುಂದೆ ಚಪ್ಪಟೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಒಳಗೆ ಟೊಳ್ಳಾದ ತೆಳು ಲಂಗ. ತಲೆ ಚಪ್ಪಟೆಯಾಗಿರುವುದು ಕಾಗದದಲ್ಲಿ ಪಂಚ್ ಹೊಡೆದಂಥ ದುಂಡು ತೂತು ಬೀಳಲಿ, ಅಂಕ ಎಣಿಸಲು ಜಗಳ ಬರದಿರಲಿ ಎಂದು. ಗಾಳಿಯ ಒತ್ತಡಕ್ಕೆ ಲಂಗ ಅರಳಿ ನಳಿಗೆಯನ್ನು ಮುಚ್ಚುತ್ತದೆ. ತಲೆ ನಳಿಗೆಯೊಳಗಿನ ಸುರುಳಿಗೆರೆಗಳ ಮೇಲೆ ಕೂತು ಪೆಲೆಟ್ಟನ್ನು ನೇರವಾಗಿ ಹಿಡಿದಿರುತ್ತದೆ. ಚೀಟಿಯ ಮೇಲಿನ 4.49, 4.50 ಆ ತಲೆಯ ಅಡ್ಡಳತೆ. ಒಂದೇ ಕಂಪನಿಯ ಎರಡು ಪಿಸ್ತೂಲುಗಳ ನಳಿಗೆ ಕೂಡ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಹೆಚ್ಚುಕಡಿಮೆ ಇರಬಹುದು. ತಲೆ ಚಿಕ್ಕದಾದರೆ ಪೆಲೆಟ್ ಒಳಗೆ ವಾಲುತ್ತದೆ. ದೊಡ್ಡದಾದರೆ ಹೆಬ್ಬೆರಳಿನಿಂದ ಒತ್ತುವಾಗ ಲಂಗ ಸೊಟ್ಟಗಾಗುತ್ತದೆ. ಎರಡರ ಫಲವೂ ಒಂದೇ, ಗುಂಪು ಹರಡುತ್ತದೆ.

ಪರೀಕ್ಷೆ ಹೀಗೆ ಮಾಡಿ. 4.48ರಿಂದ 4.51ರವರೆಗೆ ಒಂದೊಂದು ಡಬ್ಬ ಸ್ನೇಹಿತರು ಸೇರಿ ಕೊಳ್ಳಿ, ಅಥವಾ ಕ್ಲಬ್ಬಿನಲ್ಲಿ ಇಪ್ಪತ್ತೈದು ಇಪ್ಪತ್ತೈದು ಕೇಳಿ ಪಡೆಯಿರಿ. ಪಿಸ್ತೂಲಿನ ನಳಿಗೆಗೆ ಗಾಯವಾಗದಂತೆ ಚರ್ಮ ಸುತ್ತಿ ಕ್ಲಾಂಪಿನಲ್ಲಿ ಕೂರಿಸಿ. ಕ್ಲಾಂಪ್ ಇಲ್ಲದಿದ್ದರೆ ಮರಳಿನ ಚೀಲ ಆದೀತು, ಆದರೆ ಫಲಿತಾಂಶವನ್ನು ಅನುಮಾನದಿಂದಲೇ ನೋಡಬೇಕು. ಸಿಲಿಂಡರ್ ತುಂಬಿಸಿ ಶುರುಮಾಡಿ. ಪೆಲೆಟ್ ಬದಲಿಸಿದಾಗಲೆಲ್ಲ ಮೊದಲ ಹತ್ತು ಹೊಡೆತ ಲೆಕ್ಕಕ್ಕಿಲ್ಲ, ಹೊಸ ಸೀಸ ನಳಿಗೆಗೆ ಹೊಂದಲು ಬಿಡಿ. ಆಮೇಲೆ ಒಂದೇ ಕಾಗದದ ಒಂದೇ ಬಿಂದುವಿಗೆ ಹತ್ತು. ತೂತುಗಳ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು ಅಳೆಯಿರಿ. ಒಳ್ಳೆಯ ಪಿಸ್ತೂಲಿನಲ್ಲಿ ಹೊಂದುವ ಪೆಲೆಟ್ 7 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಹತ್ತರ ಉಂಗುರವೇ 11.5 ಮಿ.ಮೀ. ಇರುವಾಗ ಇಷ್ಟು ಸಾಕು. ಹೊಂದದ ಪೆಲೆಟ್ 10, 11 ಮಿ.ಮೀ.ವರೆಗೆ ಹರಡಬಹುದು. ಪ್ರತಿಯೊಂದನ್ನೂ ಎರಡು ಸಲ ಮಾಡಿ, ಎರಡನೆಯ ಸಲ ಕ್ರಮ ತಿರುಗಿಸಿ. ಒಂದೇ ಗುಂಪು ನೋಡಿ ತೀರ್ಮಾನಿಸಿದವರು ಬಹಳಷ್ಟು ಸಲ ಅದೃಷ್ಟವನ್ನೇ ಅಳೆದಿರುತ್ತಾರೆ.

ಗೆದ್ದ ಡಬ್ಬದ ಚೀಟಿಯ ಮೇಲಿನ ಲಾಟ್ ಸಂಖ್ಯೆ (ಒಟ್ಟಿಗೆ ತಯಾರಾದ ಕಂತಿನ ಗುರುತು) ಬರೆದಿಟ್ಟುಕೊಂಡು, ಸಿಕ್ಕರೆ ಅದೇ ಲಾಟಿನ ಹತ್ತು ಡಬ್ಬ ಒಟ್ಟಿಗೆ ಕೊಳ್ಳಿ.

ಪ್ರಶ್ನೆ: ನಮ್ಮದು ಚಿನ್ನದ ಕೆಲಸ. ಮಿಲಿಗ್ರಾಂ ತೋರಿಸುವ ತಕ್ಕಡಿ ಅಂಗಡಿಯಲ್ಲೇ ಇದೆ. ಒಂದೊಂದೇ ಪೆಲೆಟ್ ತೂಗಿ ಸಮ ತೂಕದವನ್ನು ಬೇರೆ ಮಾಡಿದರೆ ಅಂಕ ಏರುತ್ತದೆಯೇ?
– ನಗರ್ತಪೇಟೆ

ಉತ್ತರ: ನಿಮ್ಮ ತಕ್ಕಡಿ ಸುಳ್ಳು ಹೇಳುವುದಿಲ್ಲ, ಆದರೆ ಈ ಕೆಲಸಕ್ಕೆ ಅದು ಬೇಡ. ಪೆಲೆಟ್ ಶೇಕಡಾ 1ರಷ್ಟು, ಅಂದರೆ ನಾಲ್ಕೂವರೆ ಮಿಲಿಗ್ರಾಂ ಭಾರ ಇದ್ದರೆ ಅದರ ಇಳಿತವೂ ಶೇಕಡಾ 1ರಷ್ಟೇ ಹೆಚ್ಚುತ್ತದೆ. 22 ಮಿ.ಮೀ. ಇಳಿತದಲ್ಲಿ ಅದು 0.2 ಮಿ.ಮೀ. ಆಯಿತು. ಕಾಗದದ ಮೇಲೆ ಎಳೆದ ಪೆನ್ಸಿಲ್ ಗೆರೆಯಷ್ಟೂ ಇಲ್ಲ. ಆ ಒಂದು ಗಂಟೆಯನ್ನು ಲಂಗ ನೋಡಲು ಬಳಸಿ. ನಿಮ್ಮ ಕಣ್ಣು ಅದಕ್ಕೆ ಹೇಳಿ ಮಾಡಿಸಿದ್ದು. ಬಿಳಿ ಬಟ್ಟೆಯ ಮೇಲೆ ಐವತ್ತು ಪೆಲೆಟ್ ನಿಲ್ಲಿಸಿ, ಭೂತಗನ್ನಡಿ ಹಿಡಿದು, ಲಂಗದ ಅಂಚು ಚಪ್ಪಟೆಯಾದವು, ಒಳಗೆ ಸೀಸದ ಚೂರು ಅಂಟಿದವು, ತಲೆಯ ಮೇಲೆ ಗೀರು ಬಿದ್ದವು, ಇವನ್ನು ತೆಗೆದುಹಾಕಿ. ಡಬ್ಬ ಕೈಜಾರಿ ನೆಲಕ್ಕೆ ಬಿದ್ದರೆ ಒಳಗಿನವು ಒಂದಕ್ಕೊಂದು ಬಡಿದು ನಜ್ಜಾಗಿರುತ್ತವೆ, ಆ ಡಬ್ಬವನ್ನು ಸ್ಪರ್ಧೆಗೆ ಒಯ್ಯಬೇಡಿ.

ಪ್ರಶ್ನೆ: ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ ಸ್ಪರ್ಧೆ ಇದ್ದರೆ ಪೆಲೆಟ್ ತೂಕ ಬದಲಿಸಬೇಕೇ?
– ಯಲಹಂಕ

ಉತ್ತರ: ಬೇಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಸಾಂದ್ರತೆ ಶೇಕಡಾ ಹತ್ತರ ಆಸುಪಾಸು ಕಡಿಮೆ. ಹತ್ತು ಮೀಟರ್ ದೂರದಲ್ಲಿ ಅದು ಕಾಣುವುದೇ ಇಲ್ಲ. ಮಂಗಳೂರಿನಲ್ಲಿ ಕಾಡುವುದು ಬೆವರು. ಹಿಡಿಕೆ ಒರೆಸಲು ಒಣ ಬಟ್ಟೆ ಇಟ್ಟುಕೊಳ್ಳಿ, ಪೆಲೆಟ್ ಡಬ್ಬವನ್ನು ತೆರೆದಿಡಬೇಡಿ. ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಏಳುತ್ತದೆ.

ಪ್ರಶ್ನೆ: ನಾನು ಮಲ್ಲೇಶ್ವರದವನು, ಈಗ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದೇನೆ. ಇಲ್ಲಿನ ಕಾನೂನಿನಂತೆ 9 ಮಿ.ಮೀ. ಪಿಸ್ತೂಲ್ ಇಟ್ಟುಕೊಂಡು ವಾರಕ್ಕೊಮ್ಮೆ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುತ್ತೇನೆ. ಹೊಡೆದ ಮೇಲೆ ಉಳಿಯುವ ಖಾಲಿ ಕೇಸುಗಳಿಗೆ (ತೋಟಾದ ಲೋಹದ ಚಿಪ್ಪುಗಳಿಗೆ) ಮತ್ತೆ ಮದ್ದು, ಗುಂಡು ಸೇರಿಸಿ ನಾನೇ ತೋಟಾ ಕಟ್ಟಬೇಕೆಂದು ಪ್ರೆಸ್ ಕೊಂಡಿದ್ದೇನೆ. ಗುಂಡು 115, 124, 147 ಗ್ರೇನ್‌ಗಳಲ್ಲಿ ಸಿಗುತ್ತದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ತರಲಿ?

ಉತ್ತರ: ಮೊದಲ ಡಬ್ಬ 124 ತನ್ನಿ. 1902ರಲ್ಲಿ ಜರ್ಮನಿಯಲ್ಲಿ ಈ ತೋಟಾ ಬಂದಾಗಲೇ ಅದರ ಗುಂಡು 8 ಗ್ರಾಮಿನ ಆಸುಪಾಸಿನದು, ಅಂದರೆ 124 ಗ್ರೇನ್. ಹೆಚ್ಚಿನ ಪಿಸ್ತೂಲುಗಳು ಅದನ್ನು ತಕರಾರಿಲ್ಲದೆ ನುಂಗುತ್ತವೆ, ಎಲ್ಲ ಕೈಪಿಡಿಗಳಲ್ಲೂ ಅದಕ್ಕೆ ಅಂಕಿಅಂಶ ಸಿಗುತ್ತದೆ. ಪ್ರೆಸ್ಸಿನ ಕೆಲಸ ಕೈಗೆ ಹತ್ತಿದ ಮೇಲೆ ಉಳಿದೆರಡನ್ನು ನೂರು ನೂರು ತರಿಸಿ ಹೋಲಿಸಿ.

ಮೂರಕ್ಕೂ ಇರುವ ವ್ಯತ್ಯಾಸ ಕೈಗೆ ಗೊತ್ತಾಗುವುದು ಹೀಗೆ. ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. ಓಡಾಡುತ್ತ ಹಲವು ಗುರಿಗಳಿಗೆ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳಲ್ಲಿ 9 ಮಿ.ಮೀ.ಗೆ ಇದು ಕನಿಷ್ಠ 125 ಇರಬೇಕು. ಸ್ವಲ್ಪ ಹೆಚ್ಚುವರಿ ಇಟ್ಟು 130 ಎಂದುಕೊಳ್ಳಿ. ಆಗ 115ರ ಗುಂಡಿಗೆ 1130 ಅಡಿ ವೇಗ ಬೇಕು, 124ಕ್ಕೆ 1048, 147ಕ್ಕೆ 884 ಸಾಕು. ಗುಂಡಿನ ಒದೆತದ ಮೊತ್ತ ಮೂರರಲ್ಲೂ ಒಂದೇ. ಆದರೆ ಭಾರದ ಗುಂಡಿಗೆ ಮದ್ದು ಕಡಿಮೆ ಬೇಕು. ಮದ್ದು ಕಡಿಮೆಯಾದರೆ ಹಿಂದೆ ನುಗ್ಗುವ ಅನಿಲವೂ ಕಡಿಮೆ. ಹಾಗಾಗಿ 147 ಅಂಗೈಯನ್ನು ಮೆಲ್ಲಗೆ ದೂಡಿದಂತೆ ಅನಿಸುತ್ತದೆ, 115 ಚಟ್ಟನೆ ಹೊಡೆದಂತೆ. ಶಬ್ದದ ವೇಗ ಸುಮಾರು 1125 ಅಡಿ. 147 ಅದಕ್ಕಿಂತ ಸಾಕಷ್ಟು ಕೆಳಗೇ ಇರುವುದರಿಂದ ಗುಂಡು ಹೋಗುವಾಗಿನ ‘ಚಟೀರ್’ ಇರುವುದಿಲ್ಲ.

ಹಾಗಿದ್ದರೆ ಎಲ್ಲರೂ 147 ತೆಗೆದುಕೊಳ್ಳಬಹುದಲ್ಲ? ಅದಕ್ಕೆ ಸೀಸ ಹೆಚ್ಚು, ಬೆಲೆಯೂ ಹೆಚ್ಚು. ಗುಂಡು ಉದ್ದ ಇರುವುದರಿಂದ ಕೇಸಿನೊಳಗೆ ಆಳಕ್ಕೆ ಇಳಿಯುತ್ತದೆ. 9 ಮಿ.ಮೀ. ಕೇಸ್ ಮೊದಲೇ ಪುಟ್ಟದು. ಮದ್ದಿಗೆ ಉಳಿದ ಜಾಗ ಕಿರಿದಾದಂತೆ ಒತ್ತಡ ನೆಗೆಯುತ್ತದೆ. ಈ ಕಾರಣಕ್ಕೇ 115ಕ್ಕೆಂದು ಕೈಪಿಡಿಯಲ್ಲಿ ಬರೆದ ಮದ್ದಿನ ಅಳತೆಯನ್ನು 147ಕ್ಕೆ ಹಾಕುವುದು ಪಿಸ್ತೂಲನ್ನೇ ಒಡೆಯಬಲ್ಲ ತಪ್ಪು. ಗುಂಡಿನ ತೂಕ, ಆಕಾರ, ಮದ್ದಿನ ಹೆಸರು ಮೂರೂ ಹೊಂದುವ ಸಾಲನ್ನೇ ಹುಡುಕಿ, ಅಲ್ಲಿ ಕೊಟ್ಟ ಆರಂಭದ ಅಳತೆಯಿಂದಲೇ ಶುರುಮಾಡಿ. ಇಲ್ಲಿ ನಾವು ಮದ್ದಿನ ಅಂಕಿ ಕೊಡುತ್ತಿಲ್ಲ. ಅದು ಮದ್ದು ತಯಾರಕರ ಈಗಿನ ಕೈಪಿಡಿಯಿಂದಲೇ ಬರಬೇಕು.

ನಳಿಗೆಯ ಸುರುಳಿಯನ್ನೂ ನೋಡಬೇಕು. ಬಹುತೇಕ 9 ಮಿ.ಮೀ. ನಳಿಗೆಗಳಲ್ಲಿ ಗುಂಡು 10 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಕೆಲವದರಲ್ಲಿ 16 ಇಂಚಿಗೆ ಒಂದು. ಅಂಥ ನಿಧಾನ ಸುರುಳಿಯಲ್ಲಿ ಉದ್ದದ 147 ಗುಂಡು ಓಲಾಡಬಹುದು. ಕಾಗದದಲ್ಲಿ ದುಂಡು ತೂತಿನ ಬದಲು ಬೀಗದ ಕೈ ತೂರಿಸುವ ಕಿಂಡಿಯಂಥ ಉದ್ದ ಸೀಳು ಕಂಡರೆ ಗುಂಡು ಅಡ್ಡಡ್ಡ ಹೋಗುತ್ತಿದೆ ಎಂದರ್ಥ. ಆ ಜೋಡಿ ಬಿಟ್ಟುಬಿಡಿ.

ಹೊಸಬರನ್ನು ಗಲಿಬಿಲಿ ಮಾಡುವ ಒಂದು ವಿಷಯ ಇದೆ. ಏರ್ ಪಿಸ್ತೂಲಿನಲ್ಲಿ ಭಾರದ್ದು ಕೆಳಗೆ ಬಿದ್ದರೆ, ಇಲ್ಲಿ ಸಾಮಾನ್ಯವಾಗಿ ಭಾರದ್ದು ಮೇಲೆ ಬೀಳುತ್ತದೆ. ನಿಧಾನದ ಗುಂಡು ನಳಿಗೆಯಲ್ಲಿ ಇನ್ನೂ ಇರುವಾಗಲೇ ಒದೆತಕ್ಕೆ ಮೂತಿ ಮೇಲೇಳುತ್ತದೆ, ಗುಂಡು ಆ ದಿಕ್ಕಿಗೇ ಹೊರಡುತ್ತದೆ. ಸೈಟ್ ಸರಿಮಾಡುವ ಮೊದಲು ಇದು ನೆನಪಿರಲಿ. 115ರಲ್ಲಿ ತೊಂದರೆ ಬೇರೆ ಬಗೆಯದು. ಅಭ್ಯಾಸಕ್ಕೆಂದು ತೀರಾ ಮೆತ್ತಗೆ ಕಟ್ಟಿದರೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಪೂರ್ತಿ ಹಿಂದೆ ಹೋಗದೆ ಖಾಲಿ ಕೇಸ್ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಕಟ್ಟಿದ ತೋಟಾ ಪರೀಕ್ಷಿಸಲು ನಳಿಗೆಯನ್ನು ಪಿಸ್ತೂಲಿನಿಂದ ಬಿಚ್ಚಿ ತಲೆಕೆಳಗೆ ಹಿಡಿದು ತೋಟಾ ಬಿಡಿ. ‘ಟಪ್’ ಎಂದು ಕೂತು, ಬೆರಳಲ್ಲಿ ಸಲೀಸಾಗಿ ತಿರುಗಿ, ನಳಿಗೆ ಮಗುಚಿದರೆ ತಾನೇ ಬೀಳಬೇಕು. ಇಲ್ಲದಿದ್ದರೆ ಒಂದೋ ತೋಟಾ ಉದ್ದವಾಗಿದೆ, ಇಲ್ಲವೇ ಕೇಸಿನ ಬಾಯಿ ಸರಿಯಾಗಿ ಮುಚ್ಚಿಲ್ಲ. ಒಟ್ಟು ಉದ್ದ 29.69 ಮಿ.ಮೀ. ಮೀರುವಂತಿಲ್ಲ, ಗುಂಡಿನ ಆಕಾರ ನೋಡಿ ಇನ್ನೂ ಕಡಿಮೆ ಇರಬೇಕಾಗಬಹುದು. ಈ ತೋಟಾ ನಳಿಗೆಯಲ್ಲಿ ನಿಲ್ಲುವುದೇ ಕೇಸಿನ ಬಾಯಂಚಿನ ಮೇಲೆ. ಆದ್ದರಿಂದ ಬಾಯನ್ನು ಒಳಕ್ಕೆ ಸುರುಳಿಸಬೇಡಿ, ಗುಂಡು ಕೂರಿಸಲು ಅರಳಿಸಿದ್ದನ್ನು ನೇರ ಮಾಡುವಷ್ಟು ಒತ್ತಿದರೆ ಸಾಕು. ತಾಮ್ರ ಲೇಪಿಸಿದ ಗುಂಡಿಗೆ ಬಿಗಿ ಹೆಚ್ಚಾದರೆ ಲೇಪ ಕತ್ತರಿಸಿ ಗುರಿ ಕೆಡುತ್ತದೆ.

ಮದ್ದು ಆರಿಸುವಾಗ ಅರ್ಧ ಕೇಸಿಗಿಂತ ಹೆಚ್ಚು ತುಂಬುವಂಥದ್ದು ಆರಿಸಿ. ಕೈಮರೆತು ಎರಡು ಸಲ ಹಾಕಿದರೆ ಉಕ್ಕಿ ಹೊರಚೆಲ್ಲಿ ಎಚ್ಚರಿಸುತ್ತದೆ. ಗುಂಡು ಇಡುವ ಮೊದಲು ಪ್ರತಿ ಕೇಸಿನೊಳಗೂ ದೀಪ ಹಾಕಿ ಇಣುಕಿ. ಮದ್ದೇ ಬೀಳದ ತೋಟಾ ‘ಟುಸ್’ ಎಂದು ಗುಂಡನ್ನು ನಳಿಗೆಯ ಮಧ್ಯಕ್ಕೆ ತಳ್ಳಿ ನಿಲ್ಲಿಸುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಸದ್ದು ಬೇರೆ ಅನಿಸಿದ ಕ್ಷಣ ನಿಲ್ಲಿಸಿ, ಪಿಸ್ತೂಲ್ ಖಾಲಿ ಮಾಡಿ, ನಳಿಗೆಯೊಳಗೆ ಕಡ್ಡಿ ಹಾಯಿಸಿ ನೋಡಿ.

ಪ್ರಶ್ನೆ: ಸೆಂಟರ್ ಫೈರ್ ಪಿಸ್ತೂಲಿನ .32 ತೋಟಾ ಸಿಗುವುದೇ ಕಷ್ಟ. ಖಾಲಿ ಕೇಸ್ ರಾಶಿ ಬಿದ್ದಿವೆ. ಬೆಂಗಳೂರಿನಲ್ಲಿ ನಾವೇ ತುಂಬಿಸಿಕೊಳ್ಳಬಹುದೇ?
– ಹೆಬ್ಬಾಳ

ಉತ್ತರ: ಕೂಡದು. ಮೇಲಿನ ಉತ್ತರ ಅಮೆರಿಕದವರಿಗೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಪಿಸ್ತೂಲ್ ಇಟ್ಟುಕೊಳ್ಳುವ ಲೈಸೆನ್ಸ್ ತಯಾರಿಕೆಯ ಲೈಸೆನ್ಸ್ ಆಗುವುದಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಶಿಕ್ಷೆಯೇ ಏಳು ವರ್ಷ. ತೋಟಾಕ್ಕೆ ನಿಮ್ಮ ರೈಫಲ್ ಸಂಘದ ಮೂಲಕವೇ ಬೇಡಿಕೆ ಸಲ್ಲಿಸಿ. ತೂಕ ಆರಿಸುವ ಕಷ್ಟ ನಿಮಗಿಲ್ಲ. ಗುರಿಗೆಂದೇ ಮಾಡಿದ .32 ತೋಟಾದಲ್ಲಿ 98ರಿಂದ 100 ಗ್ರೇನಿನ ಚಪ್ಪಟೆ ಮುಖದ ಗುಂಡು ಇರುತ್ತದೆ. ಅಭ್ಯಾಸದ ದೊಡ್ಡ ಪಾಲನ್ನು ಏರ್ ಪಿಸ್ತೂಲಿನಲ್ಲಿ ಮುಗಿಸಿ, ಸಿಕ್ಕ ತೋಟಾವನ್ನು ಸ್ಪರ್ಧೆಯ ಹಿಂದಿನ ವಾರಗಳಿಗೆ ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಮೂವತ್ತು-ನಲವತ್ತು ಸೈಟಿನ ಮನೆ. ತಾರಸಿಯ ಮೇಲೆ ಮಗ ಏರ್ ಪಿಸ್ತೂಲ್ ಅಭ್ಯಾಸ ಮಾಡಬಹುದೇ? ಹಗುರ ಪೆಲೆಟ್ ಆದರೆ ಅಪಾಯ ಇಲ್ಲ ಅನ್ನುತ್ತಾರೆ.
– ಕೆಂಗೇರಿ ಉಪನಗರ

ಉತ್ತರ: ಹಗುರ ಪೆಲೆಟ್ಟೂ ಕಣ್ಣು ತೆಗೆಯುತ್ತದೆ. ಆ ಮಾತನ್ನು ನಂಬಬೇಡಿ. ಜಾಗದ ಲೆಕ್ಕವೇನೋ ಕೂಡಿಬರುತ್ತದೆ. ಸೈಟಿನ ನಲವತ್ತಡಿ ಅಂದರೆ 12.2 ಮೀಟರ್, ಹತ್ತು ಮೀಟರ್ ಅಳೆದು ನಿಲ್ಲಲು ಜಾಗ ಉಳಿಯಬಹುದು. ಆದರೆ ಮೆಟ್ಟಿಲ ಮೇಲಿನ ಹೆಡ್‌ರೂಮಿನ ಪೂರ್ತಿ ಗೋಡೆ ಗುರಿಯ ಹಿಂದೆ ಬರುವಂತಿದ್ದರೆ ಮಾತ್ರ ಹೂಂ ಅನ್ನಿ. ಮೋಟು ಪ್ಯಾರಪೆಟ್ ಸಾಲದು, ಮೇಲೆ ಹಾರಿದ ಪೆಲೆಟ್ ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಗಿಸುವವರ ಮೇಲೆ ಹೋಗುತ್ತದೆ. ಅಭ್ಯಾಸದ ಹೊತ್ತಿಗೆ ಮೆಟ್ಟಿಲ ಬಾಗಿಲಿಗೆ ತಾರಸಿಯ ಕಡೆಯಿಂದ ಚಿಲಕ ಹಾಕಿಸಿ, ಯಾರೂ ಥಟ್ಟನೆ ತೆರೆದು ಬರಬಾರದು. ಮಗ ಒಬ್ಬನೇ ಇರದೆ ಮನೆಯ ದೊಡ್ಡವರೊಬ್ಬರು ಜೊತೆಗಿರಲಿ.

ಗೋಡೆಯ ಮುಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಇಡಿ. ಹಿಂಬದಿಯ ಮೂರು ಮಿ.ಮೀ. ಉಕ್ಕಿನ ತಗಡು ಮುಂದಕ್ಕೆ ಬಾಗಿದ್ದು, ಬಡಿದ ಸೀಸ ಕೆಳಗಿನ ತಟ್ಟೆಗೆ ಬೀಳುವಂತಿರಬೇಕು. ನೆಟ್ಟಗೆ ನಿಲ್ಲಿಸಿದ ತಗಡಿನಿಂದ ಚೂರು ತಿರುಗಿ ಹಾರುತ್ತದೆ, ಕನ್ನಡಕ ಕಡ್ಡಾಯ. ಗುರಿಯ ನಡುಬಿಂದು ನೆಲದಿಂದ 1.40 ಮೀಟರ್ ಎತ್ತರದಲ್ಲಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿ.ಮೀ. ಬೋರು, 20 ಜೌಲ್ ಶಕ್ತಿ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಬಿಲ್ ಮಾತ್ರ ಜೋಪಾನ ಮಾಡಿ.

ಇನ್ನು ಸೀಸ. ಹಪ್ಪಳ, ಸಂಡಿಗೆ ಒಣಗಿಸುವ ಮೂಲೆಯಲ್ಲಿ ಈ ಪೆಟ್ಟಿಗೆ ಬೇಡವೇ ಬೇಡ. ಪೆಟ್ಟಿಗೆಯ ಸುತ್ತ ಪೊರಕೆ ಆಡಿಸಿದರೆ ಸೀಸದ ಪುಡಿ ಗಾಳಿಗೇಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಬಟ್ಟೆ ಅಡುಗೆಮನೆಗೆ ಬರಬಾರದು. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಚಟ ಹುಡುಗರಿಗೆ ಬೇಗ ಅಂಟುತ್ತದೆ, ಕಂಡ ಕೂಡಲೇ ಬಿಡಿಸಿ. ಮುಗಿದ ಮೇಲೆ ತಣ್ಣೀರು, ಸೋಪು ಹಾಕಿ ಕೈ ತೊಳೆದೇ ತಿಂಡಿ ಮುಟ್ಟಬೇಕು. ತಟ್ಟೆಯಲ್ಲಿ ಸೇರಿದ ಸೀಸವನ್ನು ಕಸದ ಗಾಡಿಗೆ ಹಾಕದೆ ಮುಚ್ಚಳದ ಡಬ್ಬದಲ್ಲಿ ತುಂಬಿ, ಮೇಲೆ ‘ಸೀಸ’ ಎಂದು ಬರೆದು, ಹಳೆ ಬ್ಯಾಟರಿ ಕೊಳ್ಳುವ ಗುಜರಿಯವರಿಗೆ ಕೊಡಿ.